ಹಸು ಕಂದು ಹಾಕಿತೆ? ಮನೆಯವರ ಜ್ವರದ ಮೇಲೂ ಕಣ್ಣಿಡಿ



ನಮ್ಮ ಹೊಣಕೆರೆ ಕಡೆ ಹಟ್ಟಿಯಲ್ಲಿ ಏನೂ ಕಟ್ಟದ ಮನೆ ಕಡಿಮೆ. ಒಂದು ಸೀಮೆಹಸು ಇರುತ್ತೆ. ಇಲ್ಲ ಅಂದರೆ ನಾಲ್ಕು ಮೇಕೆಯಾದರೂ ಇರುತ್ತೆ. ಬೆಳಿಗ್ಗೆ ಎದ್ದ ಕೂಡಲೇ ಕೊಟ್ಟಿಗೆಗೆ ಹೋಗುವವರು ಯಾರು? ಸಗಣಿ ಬಾಚುವವರು ಯಾರು? ಹಾಲು ಕರೆದು ಡೇರಿಗೆ ಹಾಕುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರೇ.

ದನದಿಂದ ನಮಗೆ ಹಾಲು ಬರುತ್ತೆ. ಗೊಬ್ಬರ ಬರುತ್ತೆ. ಡೇರಿಯ ಬಟವಾಡೆ ದುಡ್ಡು ಬರುತ್ತೆ. ಹಾಗೇ ಒಂದು ಕಾಯಿಲೆಯೂ ಬರಬಹುದು. ಅದು ಮೆಲ್ಲಗೆ ಬರುವ ಕಾಯಿಲೆ. ಸಾಯಿಸುವುದು ಕಡಿಮೆ. ಆದರೆ ದುಡಿಯುವ ಹೆಂಗಸನ್ನು ತಿಂಗಳುಗಟ್ಟಲೆ ಮೂಲೆಗೆ ಕೂರಿಸಿಬಿಡುತ್ತೆ.

ಅದರ ಹೆಸರು ಕಂದು ರೋಗ. ಡಾಕ್ಟರು ಅದನ್ನು ಬ್ರೂಸೆಲ್ಲೋಸಿಸ್ ಅಂತಾರೆ. ದೊಡ್ಡ ಪದ ಅಂತ ಹೆದರಬೇಡಿ. ಬಿಡಿಸಿ ಓದಿ: ಬ್ರೂ – ಸೆ – ಲ್ಲೋ – ಸಿಸ್. ಇನ್ನೊಂದು ಸಲ ಓದಿ. ಈ ಪದ ನಿಮಗೆ ಆಸ್ಪತ್ರೆಯಲ್ಲಿ ಬೇಕಾಗಬಹುದು.

ಕಂದು ರೋಗ ಅಂದರೇನು?

ಬ್ಯಾಕ್ಟೀರಿಯಾ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಎಲ್ಲ ಬ್ಯಾಕ್ಟೀರಿಯಾ ಕೆಟ್ಟದ್ದಲ್ಲ. ಹಾಲಿಗೆ ಹೆಪ್ಪು ಹಾಕಿದಾಗ ಅದನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ಆದರೆ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕೆಟ್ಟದ್ದು. ಅದು ಹಸು, ಎಮ್ಮೆ, ಕುರಿ, ಮೇಕೆ, ಹಂದಿಗಳ ಮೈಯಲ್ಲಿ ಸೇರಿಕೊಳ್ಳುತ್ತೆ. ಅಲ್ಲಿಂದ ಮನುಷ್ಯರ ಮೈಗೂ ಬರುತ್ತೆ.

ಗಬ್ಬದ ಹಸುವಿನ ಗರ್ಭಕೋಶ ಮತ್ತು ಕೆಚ್ಚಲು ಈ ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ಜಾಗ. ಅಲ್ಲಿ ಅದು ಕೋಟಿಗಟ್ಟಲೆ ಬೆಳೆಯುತ್ತೆ. ಆಗ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತೆ. ಅದಕ್ಕೇ ಈ ಹೆಸರು.

ದನದಲ್ಲಿ ಗುರುತು ಏನು?

- ಹಸು ಐದು ತಿಂಗಳು ತುಂಬಿದ ಮೇಲೆ ಕಂದು ಹಾಕುತ್ತೆ. ಏಳು, ಎಂಟನೇ ತಿಂಗಳಲ್ಲಿ ಹೆಚ್ಚು.
- ಕುರಿ, ಮೇಕೆಗಳು ಕೊನೆಯ ಎರಡು ತಿಂಗಳಲ್ಲಿ ಕಂದು ಹಾಕುತ್ತವೆ.
- ಸತ್ತೆ, ಅಂದರೆ ಮಾಸು, ಬೇಗ ಬೀಳುವುದಿಲ್ಲ.
- ಕೆಲವು ದನಗಳಿಗೆ ಮೊಳಕಾಲಿನ ಹತ್ತಿರ ನೀರು ತುಂಬಿದ ಹಾಗೆ ಊತ ಬರುತ್ತೆ.
- ಹೋರಿಗೆ ಬೀಜ ಊದಿಕೊಳ್ಳುತ್ತೆ.

ಕಂದು ಹಾಕಿದ್ದೆಲ್ಲ ಇದೇ ರೋಗದಿಂದ ಅಂತ ಅಲ್ಲ. ಬಿದ್ದು ಪೆಟ್ಟಾದರೂ ಕಂದು ಹಾಕಬಹುದು. ಬೇರೆ ರೋಗದಿಂದಲೂ ಹಾಕಬಹುದು. ಯಾವುದರಿಂದ ಅಂತ ರಕ್ತ ಪರೀಕ್ಷೆ ಮಾಡಿ ಪಶು ವೈದ್ಯರು ಹೇಳುತ್ತಾರೆ. "ಯಾರದೋ ಕಣ್ಣು ಬಿತ್ತು", "ಮುಟ್ಟಾದವಳು ಕೊಟ್ಟಿಗೆಗೆ ಹೋದಳು" ಅಂತ ಮಾತಾಡುವುದು ಇನ್ನೂ ಕೆಲವು ಮನೆಗಳಲ್ಲಿ ಇದೆ. ಕಣ್ಣಿನಿಂದಲೂ ಅಲ್ಲ, ಮುಟ್ಟಿನಿಂದಲೂ ಅಲ್ಲ. ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಸೊಸೆಯನ್ನು ಬಯ್ದರೆ ಅದು ಹೋಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ಸರಿಯಾಗೇ ಈಯಬಹುದು. ಆಗ ನಾವು ರೋಗ ಹೋಯಿತು ಅಂದುಕೊಳ್ಳುತ್ತೇವೆ. ರೋಗ ಹೋಗಿರುವುದಿಲ್ಲ. ಹಸು ನೋಡೋಕೆ ಚೆನ್ನಾಗಿರುತ್ತೆ. ಮೇಯುತ್ತೆ, ಹಾಲು ಕೊಡುತ್ತೆ. ಆದರೆ ಹಾಲಿನಲ್ಲಿ, ಈದಾಗ ಬರುವ ಲೋಳೆಯಲ್ಲಿ, ಸತ್ತೆಯಲ್ಲಿ ಬ್ಯಾಕ್ಟೀರಿಯಾ ಬರುತ್ತಲೇ ಇರಬಹುದು.

ನಮ್ಮ ಮೈಗೆ ಹೇಗೆ ಬರುತ್ತೆ?

ಮೂರು ದಾರಿ ಇವೆ.

ಒಂದು, ಕೈಯಿಂದ. ನಮ್ಮ ಕೈ ನೋಡಿಕೊಳ್ಳಿ. ಕುಡುಗೋಲು ತಾಗಿದ ಗೀರು ಇರುತ್ತೆ. ಹುಲ್ಲು ಕುಯ್ದ ಗಾಯ ಇರುತ್ತೆ. ಆ ಕೈಯಲ್ಲೇ ಬಿದ್ದ ಕಂದು ಎತ್ತುತ್ತೇವೆ. ಸತ್ತೆ ಎಳೆಯುತ್ತೇವೆ. ಗಾಯದ ಮೂಲಕ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಆ ಕೈಯಿಂದ ಕಣ್ಣು ಉಜ್ಜಿಕೊಂಡರೂ ಹೋಗುತ್ತೆ.

ಎರಡು, ಬಾಯಿಂದ. ಕಾಯಿಸದ ಹಸಿ ಹಾಲು ಕುಡಿದರೆ ಬರುತ್ತೆ. ಹಸಿ ಹಾಲಿನಿಂದ ಮಾಡಿದ ಬೆಣ್ಣೆಯಿಂದಲೂ ಬರಬಹುದು. ಸರಿಯಾಗಿ ಬೇಯದ ಮಾಂಸದಿಂದಲೂ ಬರಬಹುದು.

ಮೂರು, ಉಸಿರಿನಿಂದ. ಕಂದು ಹಾಕಿದ ಕೊಟ್ಟಿಗೆಯ ಒಣಗಿದ ಕಸವನ್ನು ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತೆ. ಆ ಧೂಳಿನ ಜೊತೆ ಮೂಗಿಗೆ ಹೋಗಬಹುದು.

ಮನುಷ್ಯರಿಂದ ಮನುಷ್ಯರಿಗೆ ಇದು ಬರುವುದು ಬಹಳ ಅಪರೂಪ. ಅದಕ್ಕೆ ರೋಗ ಬಂದವರ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಅವರನ್ನು ದೂರ ಕೂರಿಸಬೇಕಾಗಿಲ್ಲ.

ಮನುಷ್ಯರಲ್ಲಿ ಗುರುತು ಏನು?

ಬ್ಯಾಕ್ಟೀರಿಯಾ ಒಳಗೆ ಹೋದ ದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ ಒಂದು ವಾರದಿಂದ ನಾಲ್ಕು ವಾರದೊಳಗೆ ಬರುತ್ತೆ. ಕೆಲವರಿಗೆ ಕೆಲವು ತಿಂಗಳು ಕಳೆದು ಬರುತ್ತೆ. ಅಷ್ಟು ಹೊತ್ತಿಗೆ ಹಸು ಕಂದು ಹಾಕಿದ್ದು ಮರೆತೇ ಹೋಗಿರುತ್ತೆ. ಇಲ್ಲೇ ನಾವು ಮೋಸ ಹೋಗೋದು.

ಈ ಗುರುತುಗಳನ್ನು ನಿಧಾನವಾಗಿ ಓದಿ.

- ಜ್ವರ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಬೆಳಿಗ್ಗೆ ಮೈ ತಣ್ಣಗಿದ್ದು ಸಂಜೆ ಸುಡುವುದೂ ಉಂಟು.
- ರಾತ್ರಿ ಮೈ ಬೆವರುತ್ತೆ. ಸೀರೆ, ಹಾಸಿಗೆ ಒದ್ದೆಯಾಗುವಷ್ಟು ಬೆವರು.
- ಕೀಲು ಕೀಲು ನೋವು. ಮಂಡಿ ನೋವು, ಸೊಂಟ ನೋವು.
- ತಲೆ ನೋವು, ಮೈ ಕೈ ನೋವು.
- ಊಟ ಸೇರುವುದಿಲ್ಲ. ಮೈ ಇಳಿಯುತ್ತೆ.
- ಸುಸ್ತು. ಒಂದು ಕೊಡ ನೀರು ತರೋಕೂ ಆಗದಷ್ಟು ಸುಸ್ತು.
- ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಬೇಜಾರು.
- ಗಂಡಸರಿಗೆ ಬೀಜ ಊದಿಕೊಂಡು ನೋವು ಬರಬಹುದು.
- ಬಸುರಿಗೆ ಈ ರೋಗ ಬಂದರೆ ಗರ್ಭ ಇಳಿದುಹೋಗುವ ಅಪಾಯ ಇದೆ.

ಎಲ್ಲರಿಗೂ ಎಲ್ಲ ಗುರುತೂ ಬರುವುದಿಲ್ಲ. ಒಬ್ಬರಿಗೆ ಜ್ವರ ಹೆಚ್ಚು, ಇನ್ನೊಬ್ಬರಿಗೆ ಸೊಂಟ ನೋವು ಹೆಚ್ಚು.

ಔಷಧಿ ಮಾಡದೆ ಬಿಟ್ಟರೆ ರೋಗ ಒಳಗೇ ಕೂತುಬಿಡುತ್ತೆ. ಬೆನ್ನು ಮೂಳೆಗೆ ಇಳಿಯಬಹುದು. ಆಗ ಬಗ್ಗಿ ನಾಟಿ ಹಾಕೋಕೆ ಆಗುವುದಿಲ್ಲ. ಅಪರೂಪಕ್ಕೆ ಹೃದಯಕ್ಕೂ ಹೋಗುತ್ತೆ. ಆಗ ಜೀವಕ್ಕೇ ಅಪಾಯ.

ಬೇಗ ಯಾಕೆ ಗೊತ್ತಾಗುವುದಿಲ್ಲ?

ಈಗ ಒಂದು ಮನೆ ಅಂದುಕೊಳ್ಳೋಣ. ಆ ಮನೆಯ ತಾಯಿಗೆ ಜ್ವರ ಬಂತು. ಅಂಗಡಿಯಿಂದ ಮಾತ್ರೆ ತಂದು ನುಂಗಿದಳು. ಜ್ವರ ಬಿಟ್ಟಿತು. ಎಂಟು ದಿನಕ್ಕೆ ಮತ್ತೆ ಬಂತು. ಒಂದು ಇಂಜೆಕ್ಷನ್ ಹಾಕಿಸಿಕೊಂಡಳು. ಮತ್ತೆ ಬಿಟ್ಟಿತು. ಹದಿನೈದು ದಿನಕ್ಕೆ ಮತ್ತೆ ಬಂತು. "ಟೈಫಾಯಿಡ್ ಇರಬೇಕು" ಅಂದರು ಒಬ್ಬರು. "ಮಲೇರಿಯಾ ಇರಬೇಕು" ಅಂದರು ಇನ್ನೊಬ್ಬರು. ಸೊಂಟ ನೋವು ಹೇಳಿದರೆ "ವಯಸ್ಸಾಯಿತು, ಕೆಲಸ ಜಾಸ್ತಿ" ಅಂದರು ಮನೆಯವರು. ಮೂರು ತಿಂಗಳ ಹಿಂದೆ ಆ ಮನೆಯ ಹಸು ಕಂದು ಹಾಕಿತ್ತು. ಅದನ್ನು ಎತ್ತಿ ಹಾಕಿದವಳು ಅವಳೇ. ಆದರೆ ಯಾರೂ ಅದನ್ನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಈ ರೋಗ ಟೈಫಾಯಿಡ್, ಮಲೇರಿಯಾ, ಕ್ಷಯ, ಕೀಲು ವಾಯು, ಎಲ್ಲದರ ಹಾಗೂ ಕಾಣುತ್ತೆ. ಮುಖ ನೋಡಿ ಹೇಳೋಕೆ ಆಗುವುದಿಲ್ಲ. ಇದಕ್ಕೇ ಅಂತ ರಕ್ತ ಪರೀಕ್ಷೆ ಬೇರೆ ಇದೆ. ಆ ಪರೀಕ್ಷೆ ಮಾಡಿಸಬೇಕು ಅಂತ ಡಾಕ್ಟರಿಗೆ ಹೊಳೆಯಬೇಕು. ಅವರಿಗೆ ಹೊಳೆಯಬೇಕಾದರೆ ನಾವು ದನದ ವಿಷಯ ಹೇಳಬೇಕು.

ಇದು ಬರೀ ಅನುಮಾನದ ಮಾತಲ್ಲ. ನಮ್ಮ ರಾಜ್ಯದ ಉತ್ತರಕ್ಕೆ ವಿಜಯಪುರ ಜಿಲ್ಲೆ ಇದೆ. ಆಗ ಅದನ್ನು ಬಿಜಾಪುರ ಅಂತಿದ್ದರು. ಅಲ್ಲಿ ಕುರಿ, ಮೇಕೆ ಸಾಕುವವರು ಬಹಳ. ಅಲ್ಲಿನ ವೈದ್ಯರು ಜ್ವರ ಬಂದವರ ರಕ್ತವನ್ನು ಬಿಡದೆ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. 2004ರಲ್ಲಿ ಅವರು ಮಕ್ಕಳ ಲೆಕ್ಕ ಪ್ರಕಟಿಸಿದರು. 93 ಮಕ್ಕಳಲ್ಲಿ ಈ ರೋಗ ಸಿಕ್ಕಿತ್ತು. ಕುರಿ ಕಾಯುವವರ ಮಕ್ಕಳು, ಮೇಕೆಯ ಹಸಿ ಹಾಲು ಕುಡಿದ ಮಕ್ಕಳು ಅವರಲ್ಲಿ ಹೆಚ್ಚು. 2006ರಲ್ಲಿ ದೊಡ್ಡವರ ಲೆಕ್ಕ ಬಂತು. 16 ವರ್ಷಗಳಲ್ಲಿ 495 ಜನರಲ್ಲಿ ರೋಗ ಸಿಕ್ಕಿತ್ತು. ಹುಡುಕಿದ್ದಕ್ಕೆ ಸಿಕ್ಕಿತು. ಹುಡುಕದೇ ಹೋಗಿದ್ದರೆ ಅವರೆಲ್ಲ "ಯಾವುದೋ ಜ್ವರ" ಅಂತಲೇ ಇರುತ್ತಿದ್ದರು.

ಡಾಕ್ಟರಿಗೆ ಏನು ಹೇಳಬೇಕು?

ಜ್ವರ ಒಂದು ವಾರಕ್ಕಿಂತ ಹೆಚ್ಚು ಇದ್ದರೆ ಅಥವಾ ಬಿಟ್ಟು ಬಿಟ್ಟು ಬರುತ್ತಿದ್ದರೆ ಅಂಗಡಿ ಮಾತ್ರೆ ಸಾಕು ಮಾಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಪರೀಕ್ಷೆ ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಅಂತ ಅವರೇ ಚೀಟಿ ಬರೆದು ಕೊಡುತ್ತಾರೆ. ನಮ್ಮ ತಾಲ್ಲೂಕಿನಲ್ಲೇ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಡಾಕ್ಟರ ಮುಂದೆ ಕೂತಾಗ ಈ ನಾಲ್ಕು ಮಾತು ಹೇಳಿ:

1. ನಮ್ಮ ಮನೆಯಲ್ಲಿ ಹಸು (ಅಥವಾ ಮೇಕೆ, ಕುರಿ) ಇದೆ.
2. ಅದು ಇಂಥ ತಿಂಗಳಲ್ಲಿ ಕಂದು ಹಾಕಿತು. ನಾನೇ ಎತ್ತಿ ಹಾಕಿದೆ.
3. ನಾನು (ಅಥವಾ ಮಗು) ಹಸಿ ಹಾಲು ಕುಡಿದಿದ್ದೆ.
4. ಜ್ವರ ಇಷ್ಟು ದಿನದಿಂದ ಬಂದು ಹೋಗುತ್ತಿದೆ.

ನಿಮ್ಮ ಮನೆಯ ಹಸು ಹಾಕದೆ, ಪಕ್ಕದ ಮನೆಯ ಹಸು ಕಂದು ಹಾಕಿದಾಗ ನೀವು ಸಹಾಯಕ್ಕೆ ಹೋಗಿದ್ದರೆ ಅದನ್ನೂ ಹೇಳಿ. ಗಂಡನಿಗೆ ಬೀಜದ ಊತ ಇದ್ದು ನಾಚಿಕೆಪಟ್ಟು ಮುಚ್ಚಿಟ್ಟರೆ, "ಅದೂ ಈ ರೋಗದ ಗುರುತೇ" ಅಂತ ನೀವು ಹೇಳಿ ಕರೆದುಕೊಂಡು ಹೋಗಿ. ಗರ್ಭ ನಿಲ್ಲದೇ ಹೋದರೆ ಅದನ್ನೂ ಮುಚ್ಚಿಡಬೇಡಿ.

ಔಷಧಿ ಇದೆ, ಪೂರ್ತಿ ತಗೋಬೇಕು

ಈ ರೋಗ ವಾಸಿ ಆಗುತ್ತೆ. ಸಾಮಾನ್ಯವಾಗಿ ಎರಡು ಔಷಧಿ ಒಟ್ಟಿಗೆ ಕೊಡುತ್ತಾರೆ. ಕಡಿಮೆ ಅಂದರೂ ಆರು ವಾರ ಔಷಧಿ ನಡೆಯುತ್ತೆ. ಆರು ವಾರ ಅಂದರೆ ನಲವತ್ತೆರಡು ದಿನ.

ಹತ್ತು ದಿನಕ್ಕೆ ಜ್ವರ ನಿಲ್ಲಬಹುದು. "ವಾಸಿ ಆಯಿತು, ದುಡ್ಡು ಯಾಕೆ ದಂಡ" ಅಂತ ಮಾತ್ರೆ ನಿಲ್ಲಿಸಬೇಡಿ. ಬ್ಯಾಕ್ಟೀರಿಯಾ ನಮ್ಮ ಮೈಯ ಒಳಗಿನ ಕಣಗಳಲ್ಲಿ ಅಡಗಿ ಕೂತಿರುತ್ತೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಏಳುತ್ತೆ. ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕಿ. ನಲವತ್ತೆರಡು ಗೀಟು ಆಗುವವರೆಗೆ ಎಣಿಸಿ.

ರಿಫಾಂಪಿಸಿನ್ ಎಂಬ ಮಾತ್ರೆ ಕೊಟ್ಟಿದ್ದರೆ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಬರುತ್ತೆ. ಅದು ರಕ್ತ ಅಲ್ಲ, ಮಾತ್ರೆಯ ಬಣ್ಣ. ಹೆದರಿ ನಿಲ್ಲಿಸಬೇಡಿ. ಬಸುರಿಯಾಗಿದ್ದರೆ ಅಥವಾ ಮಗುವಿಗೆ ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ಡಾಕ್ಟರು ಅದಕ್ಕೆ ತಕ್ಕ ಔಷಧಿ ಕೊಡುತ್ತಾರೆ.

ನೊರೆ ಹಾಲು ಬೇಡ

ಕರೆದ ಕೂಡಲೇ ಬಿಸಿ ಬಿಸಿ ನೊರೆ ಹಾಲು ಕುಡಿದರೆ ಶಕ್ತಿ ಬರುತ್ತೆ ಅಂತಾರೆ. ಮಕ್ಕಳಿಗೆ ಮೇಕೆಯ ಹಸಿ ಹಾಲು ಒಳ್ಳೇದು ಅಂತಾರೆ. ಹಾಲು ಒಳ್ಳೇದೇ. ಹಸಿಯಾಗಿ ಕುಡಿಯೋದು ಒಳ್ಳೇದಲ್ಲ. ಕೆಚ್ಚಲಿನ ಬಿಸಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಒಲೆಯ ಮೇಲೆ ಉಕ್ಕಿ ಬರುವ ಹಾಗೆ ಕಾಯಿಸಿದರೆ ಸಾಯುತ್ತೆ.

ಇದನ್ನು ಜನ ಕಂಡುಕೊಂಡಿದ್ದು ಹೇಗೆ ಗೊತ್ತೆ? ಮಾಲ್ಟಾ ಅಂತ ದೂರದ ಒಂದು ದ್ವೀಪ ಇದೆ. ದ್ವೀಪ ಅಂದರೆ ಸುತ್ತ ನೀರಿರುವ ನೆಲ. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಇಂಗ್ಲಿಷ್ ಸಿಪಾಯಿಗಳಿಗೆ ತಿಂಗಳುಗಟ್ಟಲೆ ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಡಾಕ್ಟರು ಇದರ ಬ್ಯಾಕ್ಟೀರಿಯಾ ಕಂಡುಹಿಡಿದರು. ಅವರ ಹೆಸರಿನಿಂದಲೇ ಬ್ರೂಸೆಲ್ಲಾ ಎಂಬ ಹೆಸರು ಬಂತು. ಆದರೆ ಅದು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲಿಲ್ಲ. 1905ರಲ್ಲಿ ಅದೇ ದ್ವೀಪದ ಡಾಕ್ಟರು ಥೆಮಿಸ್ಟೋಕ್ಲಿಸ್ ಜಾಮಿಟ್ ಮೇಕೆಗಳ ರಕ್ತ ನೋಡಿದರು. ಮೇಕೆಗಳು ಗುಂಡುಗುಂಡಗೆ ಚೆನ್ನಾಗೇ ಇದ್ದವು. ಆದರೂ ರೋಗ ಅವುಗಳಲ್ಲೇ ಇತ್ತು. 1906ರಲ್ಲಿ ಸಿಪಾಯಿಗಳಿಗೆ ಆ ಹಸಿ ಹಾಲು ನಿಲ್ಲಿಸಿದರು. ಸಿಪಾಯಿಗಳ ಜ್ವರವೂ ಬೇಗ ಇಳಿದುಹೋಯಿತು.

ನಾವು ಡೇರಿಗೆ ಹಾಕಿದ ಹಾಲು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಂಥ ಡೇರಿಗೆ ಹೋಗುತ್ತೆ. ಪ್ಯಾಕೆಟ್ ಮಾಡುವ ಮೊದಲು ಯಂತ್ರದಲ್ಲಿ ಬಿಸಿ ಮಾಡಿ ತಣಿಸುತ್ತಾರೆ. ಪೇಟೆಯವರಿಗೆ ಹೀಗೆ ಬಿಸಿ ಮಾಡಿದ ಹಾಲು ಸಿಗುತ್ತೆ. ಕರೆದವರ ಮನೆಯ ಮಕ್ಕಳು ಹಸಿ ಹಾಲು ಕುಡಿಯೋದು ಯಾವ ನ್ಯಾಯ? ಮನೆಗೆ ಇಟ್ಟುಕೊಂಡ ಹಾಲು ಉಕ್ಕಲಿ. ಆಮೇಲೆ ಕುಡಿಯಿರಿ, ಆಮೇಲೆ ಹೆಪ್ಪು ಹಾಕಿ.

ಕಂದು ಹಾಕಿದ ದಿನ ಏನು ಮಾಡಬೇಕು?

- ಮೊದಲು ಪಶು ಆಸ್ಪತ್ರೆಗೆ ಹೇಳಿ ಕಳಿಸಿ. 1962ಕ್ಕೆ ಫೋನು ಮಾಡಿದರೂ ಆಗುತ್ತೆ. ಈ ನಂಬರಿಗೆ ದುಡ್ಡು ಇಲ್ಲ.
- ಬಸುರಿಯರು, ಮಕ್ಕಳು ಹತ್ತಿರ ಹೋಗಬಾರದು.
- ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರನ್ನು ಮೊಣಕೈವರೆಗೆ ಕಟ್ಟಿಕೊಳ್ಳಿ. ಮೂಗು ಬಾಯಿಗೆ ಬಟ್ಟೆ ಕಟ್ಟಿ.
- ಬೀಳದ ಸತ್ತೆಯನ್ನು ನೀವೇ ಕೈ ಹಾಕಿ ಎಳೆಯಬೇಡಿ. ಅದು ಪಶು ವೈದ್ಯರ ಕೆಲಸ.
- ವೈದ್ಯರು ನೋಡಿದ ಮೇಲೆ ಕಂದು, ಸತ್ತೆ, ಕೆಳಗಿದ್ದ ಹುಲ್ಲು ಎಲ್ಲವನ್ನೂ ನಾಲ್ಕೈದು ಅಡಿ ಗುಂಡಿಯಲ್ಲಿ ಹಾಕಿ. ಸುಣ್ಣ ಸುರಿದು ಮಣ್ಣು ಮುಚ್ಚಿ. ಬಾವಿ, ಕೆರೆಯ ಹತ್ತಿರ ಬೇಡ.
- ತಿಪ್ಪೆಗೆ ಎಸೆಯಬೇಡಿ. ನಾಯಿ ಎಳೆದುಕೊಂಡು ಹೋದರೆ ಊರೆಲ್ಲ ಹರಡುತ್ತೆ.
- ಆ ಜಾಗಕ್ಕೆ ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಒಣ ಕಸ ಗುಡಿಸಬೇಡಿ. ನೀರು ಚಿಮುಕಿಸಿ ಬಾಚಿ.
- ಕೈ ಕಾಲನ್ನು ಸೋಪು ಹಾಕಿ ಉಜ್ಜಿ ತೊಳೆಯಿರಿ. ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.
- ಆ ಹಸುವನ್ನು ಬೇರೆ ಕಡೆ ಕಟ್ಟಿ.

ಹಾಲು ಹೆಚ್ಚಲಿ ಅಂತ ಸತ್ತೆಯನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಕೆಲವು ಕಡೆ ಇದೆ. ಹಿರಿಯರ ಆಸೆ ಒಳ್ಳೆಯದೇ. ಆದರೆ ಕಂದು ಹಾಕಿದ ಹಸುವಿನ ಸತ್ತೆಯನ್ನು ಮರಕ್ಕೆ ಕಟ್ಟಬೇಡಿ. ಕಾಗೆ ಕಿತ್ತು ಕೆಳಗೆ ಬೀಳಿಸಿದರೆ ರೋಗವೂ ಕೆಳಗೆ ಬೀಳುತ್ತೆ. ಹೂಳುವುದೇ ಸರಿ.

ಹೆಣ್ಣು ಕರುವಿಗೆ ಲಸಿಕೆ

ರೋಗ ಬಂದ ದನಕ್ಕೆ ಮನುಷ್ಯರ ಹಾಗೆ ಔಷಧಿ ಕೊಟ್ಟು ವಾಸಿ ಮಾಡುವುದು ಕಷ್ಟ. ಆದರೆ ಬರದ ಹಾಗೆ ತಡೆಯಬಹುದು. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದು ಲಸಿಕೆ ಹಾಕಿಸಬೇಕು. ಒಂದೇ ಸಲ ಸಾಕು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲು ಬಾಯಿ ಜ್ವರದ ಜೊತೆ ಕಂದು ರೋಗವೂ ಸೇರಿದೆ. ಗಂಡು ಕರುವಿಗೂ ಗಬ್ಬದ ಹಸುವಿಗೂ ಈ ಲಸಿಕೆ ಹಾಕುವುದಿಲ್ಲ. ಕರು ಹುಟ್ಟಿದ ದಿನವನ್ನು ಗೋಡೆಯ ಮೇಲಾದರೂ ಬರೆದಿಡಿ. ನಾಲ್ಕು ತಿಂಗಳು ಎಣಿಸಿ ಪಶು ಆಸ್ಪತ್ರೆಯಲ್ಲಿ ಕೇಳಿ.

ಸಂತೆಗೆ ಹೊಡೆಯುವ ಮೊದಲು

ಕಂದು ಹಾಕಿದ ಹಸುವನ್ನು ಸದ್ದಿಲ್ಲದೆ ಸಂತೆಗೆ ಹೊಡೆದು ಮಾರುವುದು ಉಂಟು. ನಷ್ಟ ಆಗಿರುತ್ತೆ, ಸಾಲ ಇರುತ್ತೆ. ಆ ಕಷ್ಟ ನಮಗೂ ಗೊತ್ತು. ಆದರೆ ಯೋಚನೆ ಮಾಡಿ. ಆ ಹಸುವನ್ನು ಕೊಂಡುಕೊಳ್ಳುವ ಮನೆಯಲ್ಲೂ ಒಬ್ಬ ಹೆಂಗಸು ಇದ್ದಾಳೆ. ನಾಳೆ ಕೊಟ್ಟಿಗೆ ಬಾಚುವವಳು ಅವಳೇ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಪಶು ವೈದ್ಯರು ಹೇಳಿದ ಹಾಗೆ ಮಾಡಿ. ನೀವು ಹಸು ಕೊಳ್ಳುವಾಗಲೂ "ಕಂದು ಹಾಕಿತ್ತಾ?" ಅಂತ ಕೇಳಿ. ಪರೀಕ್ಷೆ ಮಾಡಿಸಿ ಆಮೇಲೆ ನಿಮ್ಮ ಕೊಟ್ಟಿಗೆಗೆ ಸೇರಿಸಿ.

ಓದಿ, ಬರೆಯಿರಿ

1. ನಿಮ್ಮ ಮನೆಯಲ್ಲಿ ಹಾಲನ್ನು ಕಾಯಿಸಿ ಕುಡಿಯುತ್ತೀರಾ? ಮೊಸರಿಗೆ ಯಾವ ಹಾಲು ಹಾಕುತ್ತೀರಾ?
2. ಈ ರೋಗದ ಐದು ಗುರುತು ನೋಡದೆ ಬರೆಯಿರಿ.
3. ಲಸಿಕೆ ಹಾಕಿಸಬೇಕಾದ ಹೆಣ್ಣು ಕರು ನಿಮ್ಮ ಬೀದಿಯಲ್ಲಿ ಎಷ್ಟು ಇವೆ? ಎಣಿಸಿ ಬರೆಯಿರಿ.
4. ಕೆಳಗಿನ ಸಾಲುಗಳನ್ನು ಒಂದು ಚೀಟಿಯಲ್ಲಿ ದುಂಡಗೆ ಬರೆಯಿರಿ. ಬಿಟ್ಟ ಜಾಗ ತುಂಬಿ.

ನಮ್ಮ ಮನೆಯ ............ ಕಂದು ಹಾಕಿದೆ. ಆಗ ............ ತಿಂಗಳು. ನಾನೇ ಎತ್ತಿ ಹಾಕಿದೆ. ನನಗೆ ............ ದಿನದಿಂದ ಜ್ವರ ಬಂದು ಹೋಗುತ್ತಿದೆ. ಬ್ರೂಸೆಲ್ಲೋಸಿಸ್ ಪರೀಕ್ಷೆ ಬೇಕೆ, ನೋಡಿ.

ಆಸ್ಪತ್ರೆಯಲ್ಲಿ ಗದ್ದಲ ಇರುತ್ತೆ. ಡಾಕ್ಟರ ಮುಂದೆ ಮಾತು ಮರೆತು ಹೋಗುತ್ತೆ. ಕೆಲವು ಮಾತು ಎಲ್ಲರ ಎದುರು ಹೇಳೋಕೆ ನಾಚಿಕೆ. ಆಗ ಈ ಚೀಟಿ ಕೊಡಿ. ಚೀಟಿ ಬರೆಯೋಕೆ ಬಾರದ ಅಕ್ಕಪಕ್ಕದವರಿಗೆ ನೀವೇ ಬರೆದು ಕೊಡಿ.